ಗೋಬರ್ ಗ್ಯಾಸ್ ಗುಂಡಿಗೆ, ಬಾವಿಗೆ ಇಳಿಯುವ ಮುನ್ನ: ಅನಿಲ ಪತ್ತೆ ಉಪಕರಣದ ಅಳತೆ ಸರಿಯಿದೆಯೇ?

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಮೆಕ್ಕೆಜೋಳ, ಭತ್ತ, ಅಡಿಕೆ, ಶುಂಠಿ ಒಂದರ ಮಗ್ಗುಲಲ್ಲಿ ಒಂದು ಬೆಳೆಯುತ್ತವೆ. ಈ ಸೀಮೆಯ ರೈತನ ಮನೆಯ ಸುತ್ತ ಕಣ್ಣು ಹಾಯಿಸಿದರೆ ತೆರೆದ ಬಾವಿ, ಕೊಟ್ಟಿಗೆಯ ಪಕ್ಕದ ಗೋಬರ್ ಗ್ಯಾಸ್ ಘಟಕ, ಕಾಳು ತುಂಬಿದ ಕೋಣೆ ಇವುಗಳಲ್ಲಿ ಒಂದಾದರೂ ಕಾಣುತ್ತದೆ. ಪೇಟೆಯ ಬದಿಗೆ ಬಂದರೆ ಮೆಕ್ಕೆಜೋಳದ ದೊಡ್ಡ ಗೋದಾಮುಗಳಿವೆ. ಇವೆಲ್ಲವೂ ಉಪಯುಕ್ತವಾದುವೇ. ಆದರೆ ಇವುಗಳಿಗೆ ಒಂದು ಸಮಾನ ಗುಣವಿದೆ. ಗಾಳಿಯ ಓಡಾಟ ಕಡಿಮೆಯಾದ ಕಾರಣ ಇವುಗಳ ಒಳಗೆ ಕಣ್ಣಿಗೆ ಕಾಣದ ವಿಷಾನಿಲ ನಿಲ್ಲಬಹುದು. ಇಳಿದವನು ಕೂಗಿ ಕರೆಯುವಷ್ಟು ಸಮಯವನ್ನೂ ಅದು ಕೊಡದಿರಬಹುದು.

ಇಂತಹ ಅನಿಲಗಳನ್ನು ತೋರಿಸುವ, ಅಂಗೈಯಲ್ಲಿ ಹಿಡಿಯಬಹುದಾದ ಉಪಕರಣಗಳು ಇಂದು ದೊರೆಯುತ್ತವೆ. ಇವುಗಳನ್ನು ಗ್ಯಾಸ್ ಡಿಟೆಕ್ಟರ್ ಎಂದು ಕರೆಯುತ್ತಾರೆ. ಉಪಕರಣ ಕೈಯಲ್ಲಿದ್ದ ಮಾತ್ರಕ್ಕೆ ಪ್ರಾಣ ಉಳಿಯುವುದಿಲ್ಲ. ಅದರ ಅಳತೆ ಸರಿಯಿರಬೇಕು. ಅಳತೆಯನ್ನು ತಾಳೆ ನೋಡುವ, ತಪ್ಪಿದ್ದರೆ ಸರಿಪಡಿಸುವ ಕೆಲಸಕ್ಕೆ ಕ್ಯಾಲಿಬ್ರೇಷನ್ ಎಂದು ಹೆಸರು. ಅದನ್ನು ಏಕೆ, ಹೇಗೆ, ಎಷ್ಟು ದಿನಕ್ಕೊಮ್ಮೆ ಮಾಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ಸೊರಬ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಳೆಯ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಘಟಕದ ಹೂಳು ತೆಗೆಯುವ ಕೆಲಸವಿತ್ತು. ನೋಡಲು ಈ ಲೇಖಕನೂ ಹೋಗಿದ್ದನು. ಒಂದು ಕಡೆಯಿಂದ ಎರವಲು ತಂದ ಡಿಟೆಕ್ಟರನ್ನು ಗುಂಡಿಯ ಬಾಯಿಗೆ ಹಿಡಿದಾಗ ಎಲ್ಲ ಅಂಕಿಗಳೂ ಚೆನ್ನಾಗಿಯೇ ಇದ್ದವು. ಮೀಥೇನ್ ಸೊನ್ನೆ, ಹೈಡ್ರೋಜನ್ ಸಲ್ಫೈಡ್ ಸೊನ್ನೆ, ಆಮ್ಲಜನಕ 20.9. ಇಳಿಯಲು ಏಣಿಯೂ ಸಿದ್ಧವಾಗಿತ್ತು. ಆಗ ಮನೆಯ ಹಿರಿಯರೊಬ್ಬರು, "ಕೊಳೆತ ಮೊಟ್ಟೆ ವಾಸನೆ ಬರ್ತಾ ಇದೆ, ನಿಮ್ಮ ಡಬ್ಬಿ ಸೊನ್ನೆ ಅಂತಿದೆ. ಯಾವುದನ್ನ ನಂಬೋಣ ಸಾರ್?" ಎಂದು ಕೇಳಿದರು.

ಪ್ರಶ್ನೆ ನ್ಯಾಯವಾದುದೇ ಆಗಿತ್ತು. ಕೆಲಸ ನಿಲ್ಲಿಸಿ, ಮರುದಿನ ತಾಳೆ ನೋಡುವ ಅನಿಲದ ಬಾಟಲಿ ತಂದು ಪರೀಕ್ಷಿಸಿದಾಗ, 50 ತೋರಿಸಬೇಕಾದ ಮೀಥೇನ್ ಅಂಕಿ 6ಕ್ಕೆ ನಿಂತಿತು. 25 ತೋರಿಸಬೇಕಾದ ಹೈಡ್ರೋಜನ್ ಸಲ್ಫೈಡ್ ಅಂಕಿ 9ಕ್ಕೆ ನಿಂತಿತು. ದೀಪ ಉರಿಯುತ್ತಿತ್ತು, ಬ್ಯಾಟರಿ ತುಂಬಿತ್ತು, ಗಂಟೆ ಬಾರಿಸುತ್ತಿತ್ತು. ಆದರೆ ಅನಿಲವನ್ನು ಗುರುತಿಸುವ ಭಾಗ ಬಹುಮಟ್ಟಿಗೆ ಸತ್ತುಹೋಗಿತ್ತು. ಎರಡು ವರ್ಷದಿಂದ ಅದನ್ನು ಯಾರೂ ತಾಳೆ ನೋಡಿರಲಿಲ್ಲ. ಅಂದು ಇಳಿಯಲು ಸಿದ್ಧವಾಗಿದ್ದವನನ್ನು ಉಳಿಸಿದ್ದು ಉಪಕರಣವಲ್ಲ, ಹಿರಿಯರ ಮೂಗು. ಮೂಗನ್ನೂ ಎಲ್ಲ ಕಾಲಕ್ಕೂ ನಂಬುವಂತಿಲ್ಲ ಎಂಬುದನ್ನು ಮುಂದೆ ನೋಡೋಣ.

ಯಾವ ಅನಿಲ, ಎಲ್ಲಿ?

ಶುದ್ಧ ಗಾಳಿಯಲ್ಲಿ ಆಮ್ಲಜನಕ ಶೇ. 20.9ರಷ್ಟಿರುತ್ತದೆ. ಉಳಿದುದರಲ್ಲಿ ಬಹುಪಾಲು ಸಾರಜನಕ. ಬೇರೆ ಅನಿಲಗಳ ಅತ್ಯಲ್ಪ ಪ್ರಮಾಣವನ್ನು ಪಿಪಿಎಂ ಎಂಬ ಅಳತೆಯಿಂದ, ಅಂದರೆ ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ಎಂದು ಹೇಳುತ್ತಾರೆ. ಶೇಕಡ 1 ಎಂದರೆ 10,000 ಪಿಪಿಎಂ.

ಮೀಥೇನ್: ಗೋಬರ್ ಗ್ಯಾಸಿನ ಅರ್ಧಕ್ಕೂ ಹೆಚ್ಚು ಭಾಗ ಇದೇ. ಇದಕ್ಕೆ ವಾಸನೆ ಇಲ್ಲ, ಗಾಳಿಗಿಂತ ಹಗುರ. ಗಾಳಿಯಲ್ಲಿ ಸುಮಾರು ಶೇ. 5ರಿಂದ 15ರವರೆಗೆ ಬೆರೆತಾಗ ಒಂದು ಕಿಡಿ ತಗುಲಿದರೂ ಸ್ಫೋಟವಾಗುತ್ತದೆ. ಶೇ. 5 ಎಂಬುದು ಹೊತ್ತಿಕೊಳ್ಳುವ ಕನಿಷ್ಠ ಮಿತಿ. ಉಪಕರಣದ ಮೇಲೆ ಎಲ್ಇಎಲ್ ಎಂದು ಕಾಣುವ ಅಂಕಿ ಈ ಮಿತಿಯ ಎಷ್ಟು ಭಾಗ ತಲುಪಿದ್ದೇವೆ ಎಂಬುದನ್ನು ತಿಳಿಸುತ್ತದೆ. ಎಲ್ಇಎಲ್ 100 ಎಂದರೆ ಗಾಳಿಯಲ್ಲಿ ಮೀಥೇನ್ ಶೇ. 5, ಎಲ್ಇಎಲ್ 10 ಎಂದರೆ ಶೇ. 0.5.

ಹೈಡ್ರೋಜನ್ ಸಲ್ಫೈಡ್: ಕೊಳೆತ ಮೊಟ್ಟೆಯ ವಾಸನೆಯದು, ಗಾಳಿಗಿಂತ ಸ್ವಲ್ಪ ಭಾರ. ಸಗಣಿ ಬಗ್ಗಡದಲ್ಲಿ, ಶೌಚದ ಗುಂಡಿಯಲ್ಲಿ, ಕೊಳೆತ ಸೊಪ್ಪು ಬಿದ್ದ ಬಾವಿಯ ಕೆಸರಿನಲ್ಲಿ ಹುಟ್ಟುತ್ತದೆ. ಒಂದು ಪಿಪಿಎಂಗಿಂತ ಕಡಿಮೆಯಿದ್ದಾಗಲೇ ಮೂಗಿಗೆ ತಿಳಿಯುತ್ತದೆ. ಆದರೆ 100 ಪಿಪಿಎಂ ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ಮೂಗು ವಾಸನೆ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. "ಈಗ ವಾಸನೆ ಹೋಯಿತು, ಇಳಿಯಬಹುದು" ಎಂದುಕೊಳ್ಳುವ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆಯಾಗಿರಬಹುದು. 700 ಪಿಪಿಎಂ ಮೀರಿದರೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಬಹುದು. ಗೋಬರ್ ಗ್ಯಾಸಿನಲ್ಲಿ ಇದು ಶೇ. 0.1ರಷ್ಟೇ ಇದ್ದರೂ 1000 ಪಿಪಿಎಂ ಆಯಿತೆಂಬುದನ್ನು ಮರೆಯಬಾರದು.

ಇಂಗಾಲದ ಡೈಆಕ್ಸೈಡ್: ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಳಕೆಯಿಲ್ಲದ ಬಾವಿಯ ತಳದಲ್ಲಿ, ನೆರೆಯ ಹಾವೇರಿ, ಧಾರವಾಡ ಸೀಮೆಯ ಹಗೇವುಗಳಲ್ಲಿ ನಿಲ್ಲುತ್ತದೆ. ಕಾಳು ಕೂಡ ಉಸಿರಾಡುತ್ತದೆ. ಒದ್ದೆ ಕಾಳು ಇನ್ನೂ ಹೆಚ್ಚು ಉಸಿರಾಡಿ ಆಮ್ಲಜನಕವನ್ನು ತಿಂದು ಈ ಅನಿಲವನ್ನು ಬಿಡುತ್ತದೆ.

ಇಂಗಾಲದ ಮಾನಾಕ್ಸೈಡ್: ಬಾವಿಯೊಳಗೆ ಇಳಿಸಿದ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಪಂಪಿನ ಹೊಗೆಯಿಂದ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ.

ಫಾಸ್ಫೀನ್: ಗೋದಾಮುಗಳಲ್ಲಿ ಹುಳು ಸಾಯಿಸಲು ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಿಂದ ಬರುತ್ತದೆ. 3 ಗ್ರಾಂ ತೂಕದ ಒಂದು ಮಾತ್ರೆ 1 ಗ್ರಾಂ ಫಾಸ್ಫೀನ್ ಬಿಡುತ್ತದೆ. ಕೆಲಸದ ಜಾಗದಲ್ಲಿ ಇದರ ಮಿತಿ ಕೇವಲ 0.3 ಪಿಪಿಎಂ.

ಸಾಮಾನ್ಯ ಡಿಟೆಕ್ಟರುಗಳು ನಾಲ್ಕು ಅಂಶಗಳನ್ನು ಮಾತ್ರ ತೋರಿಸುತ್ತವೆ: ಆಮ್ಲಜನಕ, ಹೊತ್ತಿಕೊಳ್ಳುವ ಅನಿಲ, ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್. ಇಂಗಾಲದ ಡೈಆಕ್ಸೈಡ್ ಮತ್ತು ಫಾಸ್ಫೀನ್ ಅಳೆಯಲು ಅವುಗಳದೇ ಪ್ರತ್ಯೇಕ ಸಂವೇದಕ ಬೇಕು.

ಉಪಕರಣದ ಅಳತೆ ಏಕೆ ತಪ್ಪುತ್ತದೆ?

ಅಂಗಡಿಯ ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸಬೇಕೆಂಬುದು ಎಲ್ಲರಿಗೂ ತಿಳಿದ ವಿಷಯ. ಮೆಕ್ಕೆಜೋಳದ ತೇವಾಂಶ ಅಳೆಯುವ ಮೀಟರು ತಪ್ಪು ತೋರಿಸಿದರೆ ಕ್ವಿಂಟಾಲಿಗೆ ಇಷ್ಟು ರೂಪಾಯಿ ನಷ್ಟ ಎಂದು ರೈತರು ಕೂಡಲೇ ಲೆಕ್ಕ ಹಾಕುತ್ತಾರೆ. ಅನಿಲ ಪತ್ತೆ ಉಪಕರಣವೂ ಒಂದು ತಕ್ಕಡಿಯೇ. ಅದರ ತಟ್ಟೆಯಲ್ಲಿರುವುದು ಮನುಷ್ಯನ ಪ್ರಾಣ.

ಹೊತ್ತಿಕೊಳ್ಳುವ ಅನಿಲವನ್ನು ಗುರುತಿಸುವ ಸಾಮಾನ್ಯ ಸಂವೇದಕದಲ್ಲಿ ಒಂದು ಸಣ್ಣ ಬಿಸಿ ಮಣಿ ಇರುತ್ತದೆ. ಅನಿಲ ಆ ಮಣಿಯ ಮೇಲೆ ಉರಿದು ಶಾಖ ಹೆಚ್ಚಾದಂತೆ ಅಂಕಿ ಏರುತ್ತದೆ. ಸಿಲಿಕೋನ್ ಬೆರೆತ ಪಾಲಿಷ್, ಗ್ರೀಸು, ಗಾಜು ಅಂಟಿಸುವ ಅಂಟು ಮುಂತಾದವುಗಳ ಆವಿ ತಾಗಿದರೆ ಮಣಿಯ ಶಕ್ತಿ ಕುಂದುತ್ತದೆ. ಹೆಚ್ಚು ಪ್ರಮಾಣದ ಗಂಧಕದ ಅನಿಲವೂ ಹಾನಿ ಮಾಡುತ್ತದೆ. ಮಣಿ ಸತ್ತರೆ ಅಂಕಿ ಏರುವುದಿಲ್ಲ, ಸೊನ್ನೆಯಲ್ಲೇ ಕುಳಿತಿರುತ್ತದೆ. ನೋಡುವವನಿಗೆ ಸತ್ತ ಉಪಕರಣಕ್ಕೂ ಶುದ್ಧ ಗಾಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಈ ಒಂದು ಕಾರಣಕ್ಕಾಗಿಯೇ ತಾಳೆ ನೋಡುವುದು ಅತ್ಯಗತ್ಯ.

ಆಮ್ಲಜನಕ ಮತ್ತು ವಿಷಾನಿಲಗಳ ಸಂವೇದಕಗಳು ಬ್ಯಾಟರಿ ಸೆಲ್ಲಿನಂತೆ ರಾಸಾಯನಿಕ ಕ್ರಿಯೆಯಿಂದ ಕೆಲಸ ಮಾಡುತ್ತವೆ. ಉಪಯೋಗಿಸಿದರೂ, ಪೆಟ್ಟಿಗೆಯಲ್ಲೇ ಇಟ್ಟರೂ ಅವು ಸವೆಯುತ್ತವೆ. ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳುತ್ತವೆ. ಆದ್ದರಿಂದ ಹಳೆಯ ಉಪಕರಣವನ್ನು ಕೊಳ್ಳುವಾಗ ಸಂವೇದಕಗಳ ದಿನಾಂಕವನ್ನು ಮೊದಲು ಕೇಳಬೇಕು.

ಬೇಕಾಗುವ ಸಾಮಗ್ರಿಗಳು

1. ಉಪಕರಣ ಮತ್ತು ಅದರ ಕೈಪಿಡಿ.
2. ತಾಳೆ ನೋಡುವ ಅನಿಲದ ಬಾಟಲಿ. ಸಾಮಾನ್ಯ ಮಿಶ್ರಣವೊಂದರಲ್ಲಿ ಮೀಥೇನ್ ಶೇ. 2.5, ಆಮ್ಲಜನಕ ಶೇ. 18, ಇಂಗಾಲದ ಮಾನಾಕ್ಸೈಡ್ 100 ಪಿಪಿಎಂ, ಹೈಡ್ರೋಜನ್ ಸಲ್ಫೈಡ್ 25 ಪಿಪಿಎಂ, ಉಳಿದದ್ದು ಸಾರಜನಕ ಇರುತ್ತದೆ. ಬಾಟಲಿಯ ಜೊತೆ ಪ್ರಮಾಣಪತ್ರ ಇರಲೇಬೇಕು.
3. ನಿಮಿಷಕ್ಕೆ ಸುಮಾರು ಅರ್ಧ ಲೀಟರಿನಂತೆ ಅನಿಲ ಬಿಡುವ ರೆಗ್ಯುಲೇಟರು. ಪಂಪು ಇರುವ ಉಪಕರಣಕ್ಕೆ ಕೈಪಿಡಿಯಲ್ಲಿ ಹೇಳಿದ ಬೇರೆ ರೆಗ್ಯುಲೇಟರು ಬೇಕಾಗಬಹುದು.
4. ಉಪಕರಣದ ಮುಖಕ್ಕೆ ಕೂರುವ ಟೋಪಿ ಮತ್ತು ಕೊಳವೆ. ಸಾಮಾನ್ಯ ರಬ್ಬರ್ ಕೊಳವೆ ಹೈಡ್ರೋಜನ್ ಸಲ್ಫೈಡನ್ನು ಹೀರಿಕೊಳ್ಳುವುದರಿಂದ ತಯಾರಕರು ಕೊಟ್ಟ ಕೊಳವೆಯನ್ನೇ ಉಪಯೋಗಿಸಬೇಕು.
5. ಒಂದು ನೋಟುಪುಸ್ತಕ.

ಬಾಟಲಿಗೂ ಆಯುಷ್ಯವಿದೆ. ಅದರೊಳಗಿನ ಹೈಡ್ರೋಜನ್ ಸಲ್ಫೈಡ್ ಕಾಲಕ್ರಮೇಣ ಕಡಿಮೆಯಾಗುತ್ತದೆ. ಅವಧಿ ಮುಗಿದ ಬಾಟಲಿಯಿಂದ ತಾಳೆ ನೋಡುವುದೆಂದರೆ ಸವೆದ ಕಲ್ಲಿನಿಂದ ತಕ್ಕಡಿ ಪರೀಕ್ಷಿಸಿದಂತೆ. ಬಾಟಲಿಯನ್ನು ಬಿಸಿಲಿಗಿಡದೆ ತಂಪಾದ, ಗಾಳಿಯಾಡುವ ಜಾಗದಲ್ಲಿಡಬೇಕು.

ಮೊದಲ ಹೆಜ್ಜೆ: ಸೊನ್ನೆ ಮಾಡುವುದು

ಉಪಕರಣವನ್ನು ಶುದ್ಧ ಗಾಳಿಯಲ್ಲಿ ಹಿಡಿದು, ಆಮ್ಲಜನಕ 20.9, ಉಳಿದುವೆಲ್ಲ 0 ಎಂದು ನಿಗದಿ ಮಾಡುವುದೇ ಸೊನ್ನೆ ಮಾಡುವುದು. ಗುಂಡಿ ಒತ್ತಿದರೆ ಉಪಕರಣವೇ ಇದನ್ನು ಮಾಡಿಕೊಳ್ಳುತ್ತದೆ. ಕೆಲಸ ಇಷ್ಟು ಸುಲಭವಾದುದರಿಂದಲೇ ತಪ್ಪು ನಡೆಯುವುದೂ ಇಲ್ಲೇ.

ಗುಂಡಿಯ ದಡದಲ್ಲಿ, ಕೊಟ್ಟಿಗೆಯಲ್ಲಿ, ಟ್ರ್ಯಾಕ್ಟರಿನ ಹೊಗೆಯ ಬಳಿ, ಅಡಿಗೆ ಒಲೆಯ ಹತ್ತಿರ ಸೊನ್ನೆ ಮಾಡಬಾರದು. ಸುತ್ತಲಿನ ಗಾಳಿಯಲ್ಲಿ 5 ಪಿಪಿಎಂ ಹೈಡ್ರೋಜನ್ ಸಲ್ಫೈಡ್ ಇದ್ದಾಗ ಸೊನ್ನೆ ಮಾಡಿದರೆ, ಮುಂದೆ 15 ಇರುವಲ್ಲಿ ಉಪಕರಣ 10 ಎನ್ನುತ್ತದೆ. ಹಾಗೆಯೇ ಆಮ್ಲಜನಕ ನಿಜವಾಗಿ 19.9 ಇರುವಲ್ಲಿ ನಿಂತು 20.9 ಎಂದು ಕಲಿಸಿದರೆ ಒಂದಂಶದ ಕೊರತೆ ಶಾಶ್ವತವಾಗಿ ಮರೆಯಾಗುತ್ತದೆ. ಆದ್ದರಿಂದ ಗಾಳಿ ಬೀಸಿ ಬರುವ ದಿಕ್ಕಿಗೆ, ಗುಂಡಿಯಿಂದ ದೂರ, ಬಯಲಿನಲ್ಲಿ ನಿಂತು ಈ ಕೆಲಸ ಮಾಡಬೇಕು. ಕೈಗೆ ಸ್ಯಾನಿಟೈಸರ್ ಹಚ್ಚಿದ್ದರೆ ಅದು ಪೂರ್ತಿ ಆರಿದ ಮೇಲೆ ಉಪಕರಣ ಮುಟ್ಟಬೇಕು. ಸ್ಪಿರಿಟಿನ ಆವಿಯೂ ಸಂವೇದಕಗಳನ್ನು ದಾರಿ ತಪ್ಪಿಸುತ್ತದೆ.

ನಮ್ಮ ಮಲೆನಾಡಿನ ಮಳೆಗಾಲಕ್ಕೆ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಗಾಳಿಯಲ್ಲಿ ನೀರಿನ ಆವಿ ಹೆಚ್ಚಾದಾಗ ಅದು ಉಳಿದ ಅನಿಲಗಳ ಜಾಗವನ್ನು ಸ್ವಲ್ಪ ಆಕ್ರಮಿಸುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಗಾಳಿ ಪೂರ್ತಿ ಒದ್ದೆಯಾಗಿದ್ದರೆ ಆವಿಯೇ ಸುಮಾರು ಶೇ. 3 ಇರುತ್ತದೆ. ಆಗ ಶುದ್ಧ ಬಯಲಿನಲ್ಲೂ ಆಮ್ಲಜನಕ 20.2ರ ಸುಮಾರಿಗೆ ಇಳಿದಿರುತ್ತದೆ. ಬೇಸಿಗೆಯಲ್ಲಿ ಸೊನ್ನೆ ಮಾಡಿದ ಉಪಕರಣ ಆಷಾಢದ ಮಳೆಯಲ್ಲಿ ಹೀಗೆ ತೋರಿಸಿದರೆ ಕೆಟ್ಟಿತೆಂದು ಗಾಬರಿಯಾಗಬೇಕಾಗಿಲ್ಲ. ಕೆಲಸದ ದಿನ ಬಯಲಿನಲ್ಲಿ ಎಷ್ಟು ತೋರಿಸುತ್ತದೆಂದು ಬರೆದಿಟ್ಟುಕೊಂಡು, ಗುಂಡಿಯೊಳಗಿನ ಅಂಕಿಯನ್ನು ಅದರೊಡನೆ ಹೋಲಿಸಬೇಕು.

ಎರಡನೆಯ ಹೆಜ್ಜೆ: ದಿನದ ಪರೀಕ್ಷೆ

ಉಪಯೋಗಿಸುವ ಪ್ರತಿ ದಿನವೂ, ಗುಂಡಿಯ ಬಳಿ ಹೋಗುವ ಮುನ್ನ ಬಾಟಲಿಯ ಅನಿಲವನ್ನು ಉಪಕರಣಕ್ಕೆ ಸ್ವಲ್ಪ ಹೊತ್ತು ತೋರಿಸಬೇಕು. ಇದನ್ನು ಬಂಪ್ ಟೆಸ್ಟ್ ಎನ್ನುತ್ತಾರೆ. ಟೋಪಿ ಹಾಕಿ, ರೆಗ್ಯುಲೇಟರು ತಿರುಗಿಸಿ, ಅರ್ಧದಿಂದ ಒಂದು ನಿಮಿಷ ಬಿಟ್ಟರೆ ಸಾಕು. ಅಷ್ಟರಲ್ಲಿ ಎಲ್ಲ ಅಂಕಿಗಳೂ ಬಾಟಲಿಯ ಅಂಕಿಯತ್ತ ಸಾಗಬೇಕು. ದೀಪ, ಸದ್ದು, ನಡುಕ ಈ ಮೂರು ಎಚ್ಚರಿಕೆಗಳೂ ಬರಬೇಕು.

ಎಷ್ಟು ವ್ಯತ್ಯಾಸವನ್ನು ಒಪ್ಪಬಹುದೆಂಬುದು ಕೈಪಿಡಿಯಲ್ಲಿರುತ್ತದೆ. ಬಾಟಲಿಯ ಬೆಲೆಗಿಂತ ಶೇ. 10 ಆಚೀಚೆ ಎಂಬ ಮಿತಿಯಿದ್ದರೆ ಲೆಕ್ಕ ಹೀಗೆ: ಎಲ್ಇಎಲ್ 50ಕ್ಕೆ 45ರಿಂದ 55, ಮಾನಾಕ್ಸೈಡ್ 100ಕ್ಕೆ 90ರಿಂದ 110, ಹೈಡ್ರೋಜನ್ ಸಲ್ಫೈಡ್ 25ಕ್ಕೆ 22.5ರಿಂದ 27.5. ಇದರೊಳಗೆ ಬಾರದಿದ್ದರೆ ಅಂದಿನ ಕೆಲಸ ಆರಂಭಿಸಬಾರದು. ಪೂರ್ಣ ಕ್ಯಾಲಿಬ್ರೇಷನ್ ಮಾಡಬೇಕು.

ಖರ್ಚಿನ ಬಗ್ಗೆ ಒಂದು ಮಾತು. ನಿಮಿಷಕ್ಕೆ ಅರ್ಧ ಲೀಟರಿನಂತೆ 58 ಲೀಟರಿನ ಒಂದು ಬಾಟಲಿ 116 ನಿಮಿಷ ಬರುತ್ತದೆ. ಒಂದು ಸಲಕ್ಕೆ ಒಂದು ನಿಮಿಷ ಎಂದಿಟ್ಟುಕೊಂಡರೂ ನೂರಕ್ಕೂ ಹೆಚ್ಚು ಪರೀಕ್ಷೆಗಳಾದವು. ಅನಿಲ ಉಳಿಸಲೆಂದು ಪರೀಕ್ಷೆ ಬಿಡುವುದು ಜಾಣತನವಲ್ಲ.

ಮೂರನೆಯ ಹೆಜ್ಜೆ: ಪೂರ್ಣ ಕ್ಯಾಲಿಬ್ರೇಷನ್

ತಯಾರಕರು ಹೇಳಿದ ಅವಧಿಗೊಮ್ಮೆ ಇದನ್ನು ಮಾಡಬೇಕು. ಹಲವು ಉಪಕರಣಗಳಿಗೆ ಆರು ತಿಂಗಳು ಎಂದಿರುತ್ತದೆ. ಕೆಳಗೆ ಬಿದ್ದಾಗ, ನೀರಿಗೆ ಸಿಕ್ಕಾಗ, ಮಿತಿಮೀರಿದ ಅನಿಲಕ್ಕೆ ಒಡ್ಡಿದಾಗ, ದಿನದ ಪರೀಕ್ಷೆಯಲ್ಲಿ ಸೋತಾಗ ಅವಧಿಗೆ ಕಾಯಬಾರದು.

1. ಗಾಳಿಯಾಡುವ ಜಾಗದಲ್ಲಿ ಕುಳಿತುಕೊಳ್ಳಿ. ಬಾಟಲಿಯಲ್ಲಿರುವುದೂ ವಿಷಾನಿಲವೇ. ಉಪಕರಣ ಹೊತ್ತಿಸಿ, ಕೈಪಿಡಿ ಹೇಳಿದಷ್ಟು ಹೊತ್ತು ಸ್ಥಿರವಾಗಲು ಬಿಡಿ.
2. ಬಾಟಲಿಯ ಮೇಲಿನ ಅಂಕಿಗಳೂ ಉಪಕರಣದಲ್ಲಿ ದಾಖಲಾಗಿರುವ ಅಂಕಿಗಳೂ ಒಂದೇ ಎಂದು ಖಚಿತಪಡಿಸಿಕೊಳ್ಳಿ. ಇಲ್ಲಿ ಒಂದು ಸೂಕ್ಷ್ಮವಿದೆ. ಮೀಥೇನಿನ ಕನಿಷ್ಠ ಮಿತಿಯನ್ನು ಕೆಲವು ತಯಾರಕರು ಶೇ. 5 ಎಂದೂ, ಕೆಲವರು ಶೇ. 4.4 ಎಂದೂ ಇಟ್ಟುಕೊಂಡಿರುತ್ತಾರೆ. ಬಾಟಲಿಯ ಅದೇ ಶೇ. 2.5 ಅನಿಲ ಮೊದಲನೆಯದರಲ್ಲಿ ಎಲ್ಇಎಲ್ 50, ಎರಡನೆಯದರಲ್ಲಿ 57 ಆಗುತ್ತದೆ.
3. ಶುದ್ಧ ಗಾಳಿಯಲ್ಲಿ ಸೊನ್ನೆ ಮಾಡಿ.
4. ಟೋಪಿ ಹಾಕಿ ಅನಿಲ ಬಿಡಿ. ಅಂಕಿಗಳು ಏರಿ ನಿಲ್ಲುವವರೆಗೆ, ಸುಮಾರು ಎರಡು ಮೂರು ನಿಮಿಷ ಕಾಯಿರಿ. ಸರಿಪಡಿಸುವ ಮೊದಲು ಉಪಕರಣ ತಾನಾಗಿ ಏನು ತೋರಿಸಿತು ಎಂಬುದನ್ನು ಬರೆದುಕೊಳ್ಳಿ.
5. ಬಳಿಕ ಉಪಕರಣ ತನ್ನ ಅಂಕಿಯನ್ನು ಬಾಟಲಿಯ ಅಂಕಿಗೆ ಹೊಂದಿಸಿಕೊಳ್ಳುತ್ತದೆ. ಹೊಂದಿಸಲಾಗದಿದ್ದರೆ ಸೋತಿತೆಂದು ತೋರಿಸುತ್ತದೆ. ಎರಡನೆಯ ಸಲವೂ ಸೋತರೆ ಸಂವೇದಕ ಬದಲಾಯಿಸಬೇಕು.
6. ಅನಿಲ ನಿಲ್ಲಿಸಿ, ಟೋಪಿ ತೆಗೆದು, ಬಯಲಿನಲ್ಲಿ ಅಂಕಿಗಳು ಮತ್ತೆ ಮೊದಲಿನ ಸ್ಥಿತಿಗೆ ಬರುವುದನ್ನು ನೋಡಿ. ಕೊನೆಗೆ ಇನ್ನೊಮ್ಮೆ ಬಂಪ್ ಟೆಸ್ಟ್ ಮಾಡಿ.

ಗೋಬರ್ ಗ್ಯಾಸ್ ಕೆಲಸಕ್ಕೆ ಮೀಥೇನ್ ಇರುವ ಬಾಟಲಿಯಿಂದಲೇ ತಾಳೆ ನೋಡಬೇಕು. ಬೇರೆ ಅನಿಲದಿಂದ ಹೊಂದಿಸಿದ ಸಂವೇದಕ ಆ ಅನಿಲಕ್ಕೆ ಸರಿಯಾಗಿ ಸ್ಪಂದಿಸಿಯೂ ಮೀಥೇನನ್ನು ಗುರುತಿಸುವ ಶಕ್ತಿ ಕಳೆದುಕೊಂಡಿರಬಹುದು. ಸಿಲಿಕೋನ್ ತಗುಲಿದ ಮಣಿಯಲ್ಲಿ ಮೊದಲು ಕುಂದುವುದು ಮೀಥೇನಿನ ಗುರುತೇ.

ನೋಟುಪುಸ್ತಕ ಏನು ಹೇಳುತ್ತದೆ?

ದಿನಾಂಕ, ಮಾಡಿದವರ ಹೆಸರು, ಬಾಟಲಿಯ ಸಂಖ್ಯೆ, ಸರಿಪಡಿಸುವ ಮೊದಲಿನ ಅಂಕಿ, ನಂತರದ ಅಂಕಿ ಇಷ್ಟನ್ನು ಬರೆದಿಡಬೇಕು. ಸರಿಪಡಿಸುವ ಮೊದಲಿನ ಅಂಕಿಯೇ ಮುಖ್ಯ. 50 ತೋರಿಸಬೇಕಾದಲ್ಲಿ ಒಂದು ಸಲ 49, ಮುಂದಿನ ಸಲ 46, ಆಮೇಲೆ 40, ಆಮೇಲೆ 33 ಎಂದು ಬರುತ್ತಿದ್ದರೆ, ಪ್ರತಿ ಸಲವೂ ಹೊಂದಿಸಿ 50 ಮಾಡಿದರೂ ಸಂವೇದಕ ಸಾಯುತ್ತಿದೆ ಎಂದರ್ಥ. ಕಡಿಮೆ ಹಾಲು ಕೊಡತೊಡಗಿದ ಹಸುವಿನ ಲೆಕ್ಕವನ್ನು ದಿನವೂ ಬರೆದಿಟ್ಟವನಿಗೆ ಕಾಯಿಲೆ ಬೇಗ ತಿಳಿಯುವಂತೆ, ಈ ಪುಸ್ತಕ ಮುಂಚೆಯೇ ಎಚ್ಚರಿಸುತ್ತದೆ.

ಅಂಕಿಗಳನ್ನು ಓದುವ ಕ್ರಮ

ಸರಿಯಾದ ಉಪಕರಣವನ್ನೂ ತಪ್ಪಾಗಿ ಓದಬಹುದು. ಮೊದಲು ಆಮ್ಲಜನಕ, ನಂತರ ಹೊತ್ತಿಕೊಳ್ಳುವ ಅನಿಲ, ಕೊನೆಗೆ ವಿಷಾನಿಲ ಈ ಕ್ರಮದಲ್ಲಿ ನೋಡಬೇಕು. ಬಿಸಿ ಮಣಿಯ ಸಂವೇದಕಕ್ಕೆ ಅನಿಲ ಉರಿಯಲು ಆಮ್ಲಜನಕ ಬೇಕು. ಗುಮ್ಮಟದೊಳಗೆ ಬರೀ ಗೋಬರ್ ಗ್ಯಾಸ್ ತುಂಬಿದ್ದರೆ ಆಮ್ಲಜನಕವಿಲ್ಲದೆ ಮಣಿ ಉರಿಯದು. ಅಂಕಿ ಸರ್ರನೆ ಏರಿ ಮತ್ತೆ ಸೊನ್ನೆಗೆ ಇಳಿಯಬಹುದು. ಅದು ಸುರಕ್ಷಿತವೆಂಬ ಸೂಚನೆಯಲ್ಲ, ಅತಿ ಅಪಾಯದ ಸೂಚನೆ.

ಸಾಮಾನ್ಯವಾಗಿ ಆಮ್ಲಜನಕ 19.5ಕ್ಕೆ ಇಳಿದಾಗ, ಎಲ್ಇಎಲ್ 10ಕ್ಕೆ ಮತ್ತು ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂಗೆ ಏರಿದಾಗ ಗಂಟೆ ಬಾರಿಸುವಂತೆ ಹೊಂದಿಸಿರುತ್ತಾರೆ. ಬಾವಿಯ ಕೆಲಸಕ್ಕೆ ಆಮ್ಲಜನಕದ ಈ ಮಿತಿ ಸಾಲದು. ಗಾಳಿಯಲ್ಲಿ ಆಮ್ಲಜನಕ ಐದರಲ್ಲಿ ಒಂದು ಪಾಲು ಮಾತ್ರ. ಆದ್ದರಿಂದ ಹೊರಗಿನಿಂದ ಬೇರೆ ಅನಿಲ ನುಗ್ಗಿ ಆಮ್ಲಜನಕ 20.9ರಿಂದ 19.9ಕ್ಕೆ ಇಳಿಯಿತೆಂದರೆ, ಆ ಅನಿಲ ಸುಮಾರು ಶೇ. 5ರಷ್ಟು ತುಂಬಿದೆ ಎಂದಾಯಿತು. ಅದು ಇಂಗಾಲದ ಡೈಆಕ್ಸೈಡ್ ಆಗಿದ್ದರೆ ಪ್ರಾಣಕ್ಕೆ ಅಪಾಯದ ಮಟ್ಟ ಆಗಲೇ ಮೀರಿತು. ಉಪಕರಣ ಮಾತ್ರ ಸುಮ್ಮನಿರುತ್ತದೆ. ಡೈಆಕ್ಸೈಡ್ ಸಂವೇದಕವಿಲ್ಲದವರು, ಬಯಲಿನ ಅಂಕಿಗಿಂತ 0.5 ಕಡಿಮೆಯಾದರೂ ಇಳಿಯುವುದಿಲ್ಲವೆಂಬ ನಿಯಮ ಇಟ್ಟುಕೊಳ್ಳುವುದು ಲೇಸು.

ಅಳೆಯುವಾಗ ಉಪಕರಣವನ್ನು ಹಗ್ಗ ಕಟ್ಟಿ ಇಳಿಬಿಟ್ಟು, ಇಲ್ಲವೆ ಪಂಪು ಮತ್ತು ಕೊಳವೆಯಿಂದ ಗಾಳಿ ಎಳೆದು ಮೇಲೆ, ನಡುವೆ, ತಳದಲ್ಲಿ ಹೀಗೆ ಮೂರು ಕಡೆ ನೋಡಬೇಕು. ಹಗುರವಾದ ಮೀಥೇನ್ ಗುಮ್ಮಟದ ನೆತ್ತಿಯಲ್ಲಿ, ಭಾರವಾದ ಡೈಆಕ್ಸೈಡ್ ತಳದಲ್ಲಿ ಇರುವ ಸಂಭವ ಹೆಚ್ಚು. ಒಂದೊಂದು ಮಟ್ಟದಲ್ಲೂ ಎರಡು ನಿಮಿಷವಾದರೂ ಕಾಯಬೇಕು. ಕೊಳವೆ ಉದ್ದವಿದ್ದಷ್ಟೂ ಗಾಳಿ ಉಪಕರಣ ತಲುಪಲು ತಡವಾಗುವುದರಿಂದ ಕೈಪಿಡಿ ನೋಡಿ ಹೆಚ್ಚು ಹೊತ್ತು ಕಾಯಬೇಕು. ಬಗ್ಗಡವನ್ನು ಕಲಕಿದ ಕೂಡಲೇ ಅದರಲ್ಲಿ ಅಡಗಿದ್ದ ಹೈಡ್ರೋಜನ್ ಸಲ್ಫೈಡ್ ಗುಳ್ಳೆಗಳಾಗಿ ಹೊರಬರುತ್ತದೆ. ಕಲಕುವ ಮೊದಲಿನ ಸೊನ್ನೆ ಕಲಕಿದ ಮೇಲೆ ಉಳಿಯುವುದಿಲ್ಲ. ಆದುದರಿಂದ ಕೆಲಸ ಮುಗಿಯುವವರೆಗೂ ಉಪಕರಣ ಚಾಲನೆಯಲ್ಲಿರಬೇಕು.

ದೀಪ ಇಳಿಬಿಡುವ ಪದ್ಧತಿ

ಬಾವಿಗೆ ದೀಪ ಇಳಿಬಿಟ್ಟು, ಆರದಿದ್ದರೆ ಇಳಿಯುವ ಪದ್ಧತಿ ಹಿಂದಿನಿಂದಲೂ ಇದೆ. ಮೋಂಬತ್ತಿ ಆರುವುದು ಆಮ್ಲಜನಕ ಸುಮಾರು ಶೇ. 16ಕ್ಕೆ ಇಳಿದಾಗ. ಅಷ್ಟರಲ್ಲಿ ಮನುಷ್ಯ ಆಗಲೇ ಅಪಾಯದಲ್ಲಿರುತ್ತಾನೆ. ಹೈಡ್ರೋಜನ್ ಸಲ್ಫೈಡ್, ಮಾನಾಕ್ಸೈಡುಗಳು ಪ್ರಾಣ ತೆಗೆಯುವಷ್ಟಿದ್ದರೂ ದೀಪ ಉರಿಯುತ್ತಲೇ ಇರುತ್ತದೆ. ದೀಪ ಆರಿದರೆ ಇಳಿಯಬಾರದೆಂಬುದು ಸತ್ಯ. ಆರದಿದ್ದರೆ ಇಳಿಯಬಹುದೆಂಬುದು ಸತ್ಯವಲ್ಲ. ಗೋಬರ್ ಗ್ಯಾಸ್ ಗುಂಡಿಗಂತೂ ದೀಪ, ಬೀಡಿ, ಬೆಂಕಿಕಡ್ಡಿ ಎಂದಿಗೂ ಸಲ್ಲದು.

ಗೋದಾಮಿನ ಮಾತ್ರೆಯ ಬಗ್ಗೆ

ನಾಲ್ಕು ಅನಿಲದ ಉಪಕರಣ ಹಿಡಿದು ಮಾತ್ರೆ ಇಟ್ಟ ಗೋದಾಮಿಗೆ ಹೋಗಬಾರದು. ಅದು ಫಾಸ್ಫೀನ್ ಅಳೆಯುವಂತಹುದಲ್ಲ. ಹೈಡ್ರೋಜನ್ ಸಲ್ಫೈಡ್ ಸಂವೇದಕ ಫಾಸ್ಫೀನಿಗೂ ಅಲ್ಪಸ್ವಲ್ಪ ಅಲುಗಾಡಬಹುದಾದರೂ ಆ ಅಂಕಿಗೆ ಬೆಲೆಯಿಲ್ಲ. ಫಾಸ್ಫೀನ್ ಸಂವೇದಕವನ್ನು ಫಾಸ್ಫೀನ್ ಬಾಟಲಿಯಿಂದಲೇ ತಾಳೆ ನೋಡಿ, 0.3 ಪಿಪಿಎಂಗಿಂತ ಕಡಿಮೆ ಬಂದ ಮೇಲೆಯೇ ಒಳಗೆ ಹೋಗಬೇಕು. ಬೆಳ್ಳುಳ್ಳಿಯಂತಹ ವಾಸನೆ ಇಲ್ಲವೆಂಬುದು ಸಾಕ್ಷಿಯಲ್ಲ. ಈ ಮಾತ್ರೆಗಳ ಬಳಕೆ ನಮ್ಮ ದೇಶದಲ್ಲಿ ಸರ್ಕಾರಿ ಸಂಸ್ಥೆಗಳಿಗೆ ಮತ್ತು ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಮಾತ್ರ ಮೀಸಲು. 10 ಮತ್ತು 20 ಮಾತ್ರೆಗಳ ಕೊಳವೆ ಪ್ಯಾಕುಗಳನ್ನು 2001ರಲ್ಲೇ ನಿಷೇಧಿಸಲಾಗಿದೆ. ಮಲಗುವ ಮನೆಯಲ್ಲಿ ಜೋಳದ ಚೀಲದೊಳಗೆ ಮಾತ್ರೆ ಇಡುವ ಸಾಹಸವನ್ನು ಯಾರೂ ಮಾಡಬಾರದು.

ಉಪಕರಣ ಸರಿಯಿದ್ದರೂ ಪಾಲಿಸಬೇಕಾದ ನಿಯಮಗಳು

1. ಇಳಿಯದೆ ಆಗುವ ಕೆಲಸಕ್ಕೆ ಇಳಿಯಬೇಡಿ. ಬಗ್ಗಡವನ್ನು ಪಂಪಿನಿಂದ, ಉದ್ದ ಹಿಡಿಯ ಸಲಿಕೆಯಿಂದ ಸಾಧ್ಯವಾದಷ್ಟು ಹೊರತೆಗೆಯಿರಿ. ಶೌಚದ ಗುಂಡಿಗೆ ಸಕ್ಕಿಂಗ್ ಯಂತ್ರವನ್ನೇ ಕರೆಸಿ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸಿ ಸ್ವಚ್ಛ ಮಾಡಿಸುವುದು 2013ರ ಕಾಯ್ದೆಯಂತೆ ಅಪರಾಧ.
2. ಮುಚ್ಚಳಗಳನ್ನು ತೆಗೆದು, ಬ್ಲೋವರಿನಿಂದ ಶುದ್ಧ ಗಾಳಿಯನ್ನು ತಳದವರೆಗೆ ಊದಿರಿ. ಬ್ಲೋವರಿನ ಮೋಟಾರು, ಸ್ವಿಚ್ಚು ಗುಂಡಿಯ ಬಾಯಿಯಿಂದ ದೂರವಿರಲಿ. ಊದುವುದನ್ನು ಕೆಲಸ ಮುಗಿಯುವವರೆಗೂ ನಿಲ್ಲಿಸಬೇಡಿ.
3. ಇಳಿಯುವವನ ಸೊಂಟ, ಭುಜಗಳಿಗೆ ಪಟ್ಟಿ ಹಾಕಿ ಹಗ್ಗ ಕಟ್ಟಿರಿ. ಮೇಲೆ ಎಳೆಯಬಲ್ಲ ಇಬ್ಬರಾದರೂ ಇರಲಿ.
4. ಬಾವಿಯೊಳಗೆ ಎಣ್ಣೆ ಇಂಜಿನ್ ನಡೆಸಬೇಡಿ.
5. ಒಬ್ಬನು ಬಿದ್ದರೆ ಅವನ ಹಿಂದೆ ಹಾರಬೇಡಿ. ಮೇಲಿನಿಂದಲೇ ಎಳೆಯಿರಿ, ಗಾಳಿ ಊದಿರಿ, 112ಕ್ಕೆ ಕರೆ ಮಾಡಿ.

ಐದನೆಯ ನಿಯಮ ಹೇಳಲು ಸುಲಭ, ಪಾಲಿಸಲು ಬಹು ಕಷ್ಟ. ಬಿದ್ದವನು ತಮ್ಮನಾಗಿರುತ್ತಾನೆ, ಮಗನಾಗಿರುತ್ತಾನೆ. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1986ರಲ್ಲಿ ಪ್ರಕಟಿಸಿದ ಎಚ್ಚರಿಕೆಯಲ್ಲಿ, ಇಂತಹ ಇಕ್ಕಟ್ಟಾದ ಜಾಗಗಳ ಸಾವುಗಳಲ್ಲಿ ಶೇ. 60ಕ್ಕೂ ಹೆಚ್ಚು ಜನ ರಕ್ಷಿಸಲು ಹೋದವರೇ ಎಂದು ತಿಳಿಸಿತ್ತು. ಮೊದಲನೆಯವನು ಇಳಿಯುವ ಮುನ್ನವೇ ಸರಿಯಾಗಿ ಅಳೆದರೆ ಇಂತಹ ಸಂಕಟಕ್ಕೆ ಎಡೆಯಿರುವುದಿಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ

ವರ್ಷಕ್ಕೊಮ್ಮೆ ಗುಂಡಿ ತೆರೆಯುವ ರೈತರು ಒಬ್ಬೊಬ್ಬರೂ ಉಪಕರಣ ಕೊಳ್ಳಬೇಕಾಗಿಲ್ಲ. ಹಾಲು ಉತ್ಪಾದಕರ ಸಂಘವೋ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೋ, ಗ್ರಾಮ ಪಂಚಾಯಿತಿಯೋ ಒಂದು ಉಪಕರಣ, ಒಂದು ಬಾಟಲಿ, ಒಂದು ಬ್ಲೋವರ್ ಇಟ್ಟುಕೊಂಡು ಸುತ್ತಲಿನ ಊರುಗಳಿಗೆ ಎರವಲು ಕೊಡಬಹುದು. ಕೊಡುವಾಗ ಒಂದು ಷರತ್ತು ಇರಲಿ: ಪಡೆಯುವವರ ಎದುರಿಗೇ ಬಂಪ್ ಟೆಸ್ಟ್ ಮಾಡಿ, ಅಂಕಿಯನ್ನು ನೋಟುಪುಸ್ತಕದಲ್ಲಿ ಬರೆದು, ಇಬ್ಬರೂ ಸಹಿ ಹಾಕಬೇಕು. ಉಪಕರಣದ ಜವಾಬ್ದಾರಿ ಒಬ್ಬ ವ್ಯಕ್ತಿಯ ಹೆಸರಿನಲ್ಲಿರಬೇಕು. ಎಲ್ಲರದೂ ಆದದ್ದು ಕೊನೆಗೆ ಯಾರದೂ ಆಗುವುದಿಲ್ಲ.

ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಯುವ, ಗೋಬರ್ ಗ್ಯಾಸ್ ದುರಸ್ತಿ ಮಾಡುವ ಕೆಲಸಗಳು ಒಟ್ಟಿಗೆ ಬರುತ್ತವೆ. ಅದಕ್ಕೆ ಮುಂಚೆ, ಸುಗ್ಗಿ ಮುಗಿದ ಕೂಡಲೇ, ಉಪಕರಣವನ್ನು ಪೆಟ್ಟಿಗೆಯಿಂದ ತೆಗೆದು, ಬಾಟಲಿಯ ದಿನಾಂಕ ನೋಡಿ, ಪೂರ್ಣ ಕ್ಯಾಲಿಬ್ರೇಷನ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಬಿತ್ತುವ ಮೊದಲು ಬೀಜದ ಮೊಳಕೆ ಪರೀಕ್ಷಿಸುವ ರೈತ ಬಾಂಧವರಿಗೆ ಈ ಅಭ್ಯಾಸ ಹೊಸದೇನಲ್ಲ. ಅಂಕಿ ಸರಿಯಿದೆಯೆಂಬ ಖಾತ್ರಿ ಇಲ್ಲದಿದ್ದರೆ ಅಂದು ಇಳಿಯಬೇಡಿ. ಹೂಳು ಇನ್ನೊಂದು ವಾರ ಕಾಯುತ್ತದೆ.